ಸಹಾಯ ಬೇಕು: ಟೈಪ್‌ಸ್ಟ್‌ನಲ್ಲಿ ಕನ್ನಡದ ನಡುವೆ ಉರ್ದು ಬಂದರೆ ಸಾಲು ಉಬ್ಬುತ್ತಿದೆ

ಬೀದರ ಕೋಟೆ, ಗವಾನ್ ಮದರಸಾ ಕುರಿತ ಪುಸ್ತಿಕೆಯನ್ನು ಹಳೆಯ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್‌ನಿಂದ ಟೈಪ್‌ಸ್ಟ್‌ಗೆ (ಆದೇಶಗಳನ್ನು ಬರೆದು ಪುಟ ಕಟ್ಟುವ ತಂತ್ರಾಂಶ) ತರುತ್ತಿದ್ದೇವೆ. ನುಡಿ ತಂತ್ರಾಂಶದಲ್ಲಿದ್ದ ಪಠ್ಯ ಯೂನಿಕೋಡ್‌ಗೆ ಬದಲಾಗಿದೆ, ಆ ಕಡೆ ತೊಂದರೆಯಿಲ್ಲ. ಫಾಂಟ್ ನೋಟೋ ಸೆರಿಫ್ ಕನ್ನಡ, 11 ಪಾಯಿಂಟ್.

ಮೊದಲು ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿದ್ದವು. ಇಲ್ಲಿ ಲೀಡಿಂಗ್ ಎಂದರೆ ಒಂದು ಸಾಲಿನ ತಳದಿಂದ ಮುಂದಿನ ಸಾಲಿನ ತಲೆವರೆಗಿನ ಜಾಗ, ಡೀಫಾಲ್ಟ್ 0.65 ಎಮ್ (ಒಂದು ಎಮ್ ಎಂದರೆ ಅಕ್ಷರದ ಗಾತ್ರದಷ್ಟು). ತಳ ಎಂದರೆ ಬೇಸ್‌ಲೈನ್ (ಅಕ್ಷರಗಳು ಕೂರುವ ಗೆರೆ), ತಲೆ ಎಂದರೆ ಇಂಗ್ಲಿಷ್ ದೊಡ್ಡಕ್ಷರದ ಎತ್ತರ. ‘ಷ್ಟ್ರ’ದಂಥವು ಬೇಸ್‌ಲೈನ್‌ ಕೆಳಗೆ ಇಳಿಯುವುದು ಅದರ ಲೆಕ್ಕಕ್ಕೇ ಬರುವುದಿಲ್ಲ. ಸಾಲಿನ ಮೇಲಂಚಾದ ಟಾಪ್-ಎಡ್ಜ್‌ಗೆ ಅಸೆಂಡರ್ (ಫಾಂಟ್‌ನ ಮೇಲಿನ ಮಿತಿ), ಕೆಳಂಚಾದ ಬಾಟಮ್-ಎಡ್ಜ್‌ಗೆ ಡಿಸೆಂಡರ್ (ಕೆಳಗಿನ ಮಿತಿ) ಕೊಟ್ಟ ಮೇಲೆ ಕನ್ನಡ ಚೆಂದ ಕೂತಿತು. ದಪ್ಪ ಅಕ್ಷರ ಬಾರದಿದ್ದದ್ದು ವೇರಿಯಬಲ್ ಫಾಂಟ್‌ನಿಂದ (ಎಲ್ಲ ದಪ್ಪಗಳೂ ಒಂದೇ ಫೈಲ್‌ನಲ್ಲಿರುವಂಥದ್ದು). ಒಂದೊಂದು ದಪ್ಪಕ್ಕೂ ಬೇರೆಯಾದ ಸ್ಟ್ಯಾಟಿಕ್ ಫೈಲ್ ಹಾಕಿದೆವು, ಸರಿಹೋಯಿತು.

ಈಗಿನ ತೊಡಕು ಉರ್ದು. ಕನ್ನಡ ಪ್ಯಾರಾದೊಳಗೆ ನೋಟೋ ನಸ್ತಾಲಿಕ್‌ನ (ನಸ್ತಾಲಿಕ್ ಎಂದರೆ ಉರ್ದುವಿನ ಓರೆಯಾಗಿ ಇಳಿಯುವ ಬರಹದ ಶೈಲಿ) ಒಂದೇ ಪದ ಬಂದರೂ ಆ ಸಾಲಷ್ಟೇ ಉಬ್ಬಿ, ಎದುರು ಪುಟದ ಸಾಲುಗಳಿಗೆ ಹೊಂದುವುದಿಲ್ಲ. ಎಡ್ಜ್‌ಗಳನ್ನು 0.9 ಎಮ್, ಮೈನಸ್ 0.4 ಎಮ್ ಎಂದು ಕಟ್ಟಿಹಾಕಿದರೆ ಅಂತರ ಸಮವಾಗುತ್ತದೆ, ಆದರೆ ನಸ್ತಾಲಿಕ್‌ನ ಓರೆ ಜೋಡಣೆ ಮೇಲಿನ ಸಾಲಿನ ಒತ್ತಕ್ಷರಕ್ಕೆ ಬಡಿಯುತ್ತದೆ. 8 ಪಾಯಿಂಟ್‌ಗೆ ಇಳಿಸಿದರೆ ನುಕ್ತೆಗಳು (ಅಕ್ಷರದ ಚುಕ್ಕೆಗಳು) ಮುದ್ರಣದಲ್ಲಿ ಕೂಡಿಕೊಳ್ಳುತ್ತವೆ. ಸಾಲಿನಲ್ಲಿ ನೇರ ಕೂರುವ ನಸ್ಖ್ ಶೈಲಿಯ ಫಾಂಟ್ ಹಾಕಿದರೆ ಸುಲಭ, ಖರೆ. ಆದರೆ ಇಲ್ಲಿನ ಉರ್ದು ಓದುಗರಿಗೆ ನಸ್ತಾಲಿಕ್ಕೇ ಬೇಕು, ಅದನ್ನು ಬಿಟ್ಟುಕೊಡಲು ನಮಗೂ ಮನಸ್ಸಿಲ್ಲ.

ಶೋ ರೂಲ್‌ನಲ್ಲಿ (ಆಯ್ದ ಪಠ್ಯದ ರೂಪ ಬದಲಿಸುವ ಟೈಪ್‌ಸ್ಟ್ ನಿಯಮ) ರೆಜೆಕ್ಸ್‌ನಿಂದ, ಅಂದರೆ ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ಸೂತ್ರದಿಂದ, ಉರ್ದು ಪದಗಳನ್ನಷ್ಟೇ ಹಿಡಿದು ಬೇರೆ ಗಾತ್ರ, ಎಡ್ಜ್, ಬೇಸ್‌ಲೈನ್ ಕೊಟ್ಟವರಿದ್ದರೆ ನಿಮ್ಮ ಅಳತೆಗಳನ್ನು ತಿಳಿಸಿರಿ. ಎಮ್ ಲೆಕ್ಕ ಉರ್ದುವಿನ ಗಾತ್ರಕ್ಕೆ ತಕ್ಕಂತೆ ಬದಲಾಗುವುದರಿಂದ ಎಡ್ಜ್‌ಗಳನ್ನು ಪಾಯಿಂಟ್‌ನಲ್ಲೇ ಕೊಡುವುದು ಮೇಲೇ? ನಸ್ತಾಲಿಕ್‌ನ ಎತ್ತರ ಕಡಿಮೆಯಿರುವ, ಮುಕ್ತ ಪರವಾನಗಿಯ ಬೇರೆ ಫಾಂಟ್ ಗೊತ್ತಿದ್ದರೆ ಅದರ ಹೆಸರೂ ಬೇಕು.