ಅಪ್‌ಡೇಟ್: ಟಾಟಾದ ಎಲೆಕ್ಟ್ರಿಕ್ ಕಾರು ಟಿಯಾಗೊ ಇವಿ ತಗೊಂಡೆ, ಬೆಂಗಳೂರಿಗೆ ಹೋಗಿ ಬಂದೆ

ಮಂಡ್ಯದಿಂದ ಬೆಂಗಳೂರಿಗೆ ಹೋಗಿ ಬರೋಕೆ ಒಂದೇ ಚಾರ್ಜ್ ಸಾಕಾಗುತ್ತಾ ಅಂತ ಕಾರು ತಗೊಳ್ಳೋ ಮೊದಲು ಇಲ್ಲಿ ಕೇಳಿದ್ದೆ. ಕೊನೆಗೆ ದೊಡ್ಡ ಬ್ಯಾಟರಿ (24 ಕಿಲೋವ್ಯಾಟ್ ಅವರ್) ಇರೋದನ್ನೇ ತಗೊಂಡೆ. 2022ರಲ್ಲಿ ಬಿಟ್ಟಾಗ ಕಂಪನಿ ಹೇಳಿದ್ದು ಒಂದು ಫುಲ್ ಚಾರ್ಜ್‌ಗೆ 315 ಕಿ.ಮೀ. ಅದು ಪರೀಕ್ಷೆಯ ಲೆಕ್ಕ, ರಸ್ತೆಯದ್ದಲ್ಲ. ಹೆದ್ದಾರಿಯಲ್ಲಿ 80ರ ಸ್ಪೀಡಲ್ಲಿ ಹೋದರೆ ಬೆಂಗಳೂರು ಮುಟ್ಟುವಾಗ ಚಾರ್ಜ್ ಅರ್ಧದಷ್ಟು ಉಳಿದಿರುತ್ತೆ. 100 ದಾಟಿಸಿದರೆ ನೋಡ್ತಾ ನೋಡ್ತಾ ಇಳಿಯುತ್ತೆ.

ವಾಪಸ್ ಬರುವಾಗ ಫಾಸ್ಟ್ ಚಾರ್ಜರ್‌ಗೆ ಹಾಕಿ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೆವು. 10ರಿಂದ 80 ಪರ್ಸೆಂಟ್‌ಗೆ ಹೆಚ್ಚುಕಮ್ಮಿ ಒಂದು ಗಂಟೆ ಬೇಕು. ನಮಗೆ ಅಷ್ಟು ಬೇಕಿರಲಿಲ್ಲ, ಕಾಫಿ ಮುಗಿಯುತ್ತಲೇ ಹೊರಟೆವು.

ಮನೇಲಿ 15 ಆಂಪ್ ಪ್ಲಗ್ ಸಾಕು, ರಾತ್ರಿ ಹಾಕಿದರೆ ಬೆಳಗ್ಗೆ ಫುಲ್. ಆದರೆ ಮೊದಲು ಅರ್ಥಿಂಗ್ ನೋಡಿಸಿ. ನಮ್ಮದು ಹಳೇ ವೈರಿಂಗ್, ಚಾರ್ಜರ್ ಕೆಂಪು ದೀಪ ಹಾಕ್ಕೊಂಡು ಸುಮ್ನೆ ಕೂತಿತ್ತು. ಬೇರೆ ಲೈನ್ ಎಳೆಸಿದ ಮೇಲೆ ಸರಿಹೋಯ್ತು.