ಋಣಾತ್ಮಕ ಪುನರ್ಬಲನವೋ, ಶಿಕ್ಷೆಯೋ? ಉಂಬಳದ ಉದಾಹರಣೆಯಲ್ಲಿ ಸಿಕ್ಕಿಬಿದ್ದಿದ್ದೇವೆ

ಶಿರಸಿ_ಟಿಇಟಿ ಕೇಳಿದ್ದು:

ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದುತ್ತಿರುವ ನಮ್ಮ ಗುಂಪಿನಲ್ಲಿ ಇದೇ ವಾದ ನಡೆದಿದೆ. ಶಿಶು ವಿಕಾಸದ 30 ಅಂಕಗಳಲ್ಲಿ ಅನುಬಂಧನದ (ಕಂಡೀಷನಿಂಗ್: ಒಂದು ಪ್ರಚೋದನೆ ಅಥವಾ ಫಲದ ಜೊತೆ ಕೊಂಡಿ ಬಿದ್ದು ಆಗುವ ಕಲಿಕೆ) ವ್ಯಾಖ್ಯೆ ಕೇಳಿದರೆ ಬಾಯಿಪಾಠ ಬರುತ್ತದೆ, ಸನ್ನಿವೇಶ ಕೊಟ್ಟು ಕೇಳಿದರೆ ಎಲ್ಲರದ್ದೂ ಬೇರೆ ಬೇರೆ ಉತ್ತರ.

ಮಳೆಗಾಲದಲ್ಲಿ ತೋಟಕ್ಕೆ ಇಳಿಯುವ ಮುಂಚೆ ಉಂಬಳ (ರಕ್ತ ಹೀರುವ ಜಿಗಣೆ) ಹತ್ತಬಾರದು ಅಂತ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಳ್ಳುತ್ತಾರಲ್ಲ, ಅದು ಶಿಕ್ಷೆ ಅನ್ನುವುದು ಅರ್ಧ ಜನರ ವಾದ (ಉಂಬಳ ಕಚ್ಚುವುದು ಅಹಿತಕರ ತಾನೇ?), ಋಣಾತ್ಮಕ ಪುನರ್ಬಲನ ಅನ್ನುವುದು ಉಳಿದವರದ್ದು. ಯಾವುದು ಸರಿ?

ಎರಡನೆಯದು, ಮೀನು ಮಾರುವವರ ಗಾಡಿಯ ಹಾರ್ನ್ ಕೇಳಿ ಬೆಕ್ಕು ಗೇಟಿಗೆ ಓಡುವುದು ಪಾವ್ಲೊವ್ ಹೇಳಿದ ಶಾಸ್ತ್ರೀಯ ಅನುಬಂಧನವೋ, ಸ್ಕಿನ್ನರ್ ಹೇಳಿದ ಆಪರೆಂಟ್ ಅನುಬಂಧನವೋ?

ಮೂರನೆಯದು, ಹಟ ಮಾಡುವ ಮಗುವಿನ ಕಡೆ ಗಮನ ಕೊಡದಿದ್ದರೆ ಹಟ ಬಿಡುತ್ತದೆ ಅಂತ ಗೈಡಿನಲ್ಲಿದೆ. ಆದರೆ ಮೊದಮೊದಲು ಜೋರಾಗುವುದನ್ನೇ ನೋಡುತ್ತೇವೆ. ಹಾಗಾದರೆ ಗೈಡು ತಪ್ಪೋ?

ತೋಟದ_ಬದಿ ಉತ್ತರಿಸಿದ್ದು:

ವಾದ ಬಗೆಹರಿಯದಿರಲು ಕಾರಣ ಒಂದೇ. ನೀವೆಲ್ಲ ಉಂಬಳಕ್ಕೆ ಹೆಸರಿಡುತ್ತಿದ್ದೀರಿ. ಪುನರ್ಬಲನ, ಶಿಕ್ಷೆ ಎಂಬ ಹೆಸರು ಘಟನೆಗೆ ಅಂಟುವುದಲ್ಲ, ಒಂದು ನಿರ್ದಿಷ್ಟ ವರ್ತನೆಗೆ ಸಂಬಂಧಿಸಿದ್ದು.

ಆದ್ದರಿಂದ ಮೊದಲು ಕಾಗದದ ಮೇಲೆ ಕರ್ತೃ ಮತ್ತು ಕ್ರಿಯಾಪದ ಬರೆಯಿರಿ: ಯಾರು, ಏನು ಮಾಡಿದರು. ಆಮೇಲೆ, ಆ ಕೆಲಸದ ಬೆನ್ನಿಗೇ ಏನಾದರೂ ಸೇರಿತೋ, ಇದ್ದದ್ದು ಹೋಯಿತೋ ನೋಡಿ. ಕೊನೆಗೆ, ಮುಂದೆ ಅದೇ ಕೆಲಸ ಹೆಚ್ಚಾಯಿತೋ ಕಡಿಮೆಯಾಯಿತೋ ಕೇಳಿ. ಸೇರಿದರೆ ಧನ, ಹೋದರೆ ಋಣ. ಕೆಲಸ ಹೆಚ್ಚಾದರೆ ಪುನರ್ಬಲನ, ಕಡಿಮೆಯಾದರೆ ಶಿಕ್ಷೆ. ಹಿತ-ಅಹಿತ ಎಂಬ ಮಾತು ಈ ಲೆಕ್ಕದಲ್ಲಿ ಬರಲೇಬೇಕೆಂದಿಲ್ಲ.

ಈಗ ಉಂಬಳ. ಕಚ್ಚಿಕೊಂಡಿದ್ದರ ಮೇಲೆ ಉಪ್ಪು ಹಾಕಿದರು, ಬಿದ್ದುಹೋಯಿತು, ಮುಂದಿನ ಸಲವೂ ಉಪ್ಪಿಗೇ ಕೈ ಹೋಗುತ್ತದೆ. ಉಪ್ಪು ಹಾಕುವ ವರ್ತನೆಗೆ ಇದು ಋಣಾತ್ಮಕ ಪುನರ್ಬಲನ, ಅದರಲ್ಲೂ ಪಾರಾಗುವ ಬಗೆ. ತೋಟಕ್ಕೆ ಇಳಿಯುವ ಮೊದಲೇ ಹೊಗೆಸೊಪ್ಪಿನ ನೀರು ಹಚ್ಚಿಕೊಂಡರು, ಉಂಬಳ ಹತ್ತಲೇ ಇಲ್ಲ, ಹಚ್ಚಿಕೊಳ್ಳುವುದು ರೂಢಿಯಾಯಿತು. ಇದೂ ಋಣಾತ್ಮಕ ಪುನರ್ಬಲನವೇ, ಆದರೆ ತಪ್ಪಿಸಿಕೊಳ್ಳುವ ಬಗೆ. ಬರಿಗಾಲಲ್ಲಿ ತೋಟದೊಳಗಿನ ಅಡ್ಡದಾರಿ ಹಿಡಿದರು, ಉಂಬಳ ಹತ್ತಿದವು, ಆ ದಾರಿಯಲ್ಲಿ ಓಡಾಟ ಕಡಿಮೆಯಾಯಿತು. ಅಡ್ಡದಾರಿ ಹಿಡಿಯುವ ವರ್ತನೆಗೆ ಇದು ಧನಾತ್ಮಕ ಶಿಕ್ಷೆ. ಉಂಬಳ ಅದೇ, ವರ್ತನೆ ಮೂರು. ನಿಮ್ಮ ಪ್ರಶ್ನೆಯಲ್ಲಿ ಕೇಳಿರುವುದು ಹಚ್ಚಿಕೊಳ್ಳುವುದರ ಬಗ್ಗೆ, ಹಾಗಾಗಿ ಎರಡನೆಯ ಬಣವೇ ಸರಿ.

ಇನ್ನೊಂದು ಮಾತು. ಉಂಬಳ ಕಚ್ಚಿದ್ದು ಆ ಕ್ಷಣಕ್ಕೆ ಗೊತ್ತೇ ಆಗುವುದಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ಬೆರಳಿನ ಸಂದಿಯಲ್ಲಿ ರಕ್ತ ಕಂಡಮೇಲೆ ಗೊತ್ತು. ಶಿಕ್ಷೆ ತಡವಾದಷ್ಟೂ ಅದರ ಹಿಡಿತ ಸಡಿಲ. ಮನುಷ್ಯರು "ಆ ದಾರಿಯಲ್ಲೇ ಹತ್ತಿದ್ದು" ಎಂದು ಮಾತಿನಲ್ಲಿ ಕೊಂಡಿ ಹಾಕಿಕೊಳ್ಳುತ್ತಾರೆ, ಇಲಿಗೆ ಆ ಅನುಕೂಲ ಇಲ್ಲ. ಬೆಳಿಗ್ಗೆ ಮಾಡಿದ ತಪ್ಪಿಗೆ ಸಂಜೆ ಬೈದರೆ ಪುಟ್ಟ ಮಕ್ಕಳ ಮೇಲೆ ಪರಿಣಾಮ ಕಡಿಮೆ ಇರುವುದಕ್ಕೂ ಇದೇ ಕಾರಣ.

ಹಳೆಯ ನೋಟ್ಸ್ ಇಟ್ಟುಕೊಂಡವರು ಜೋಪಾನ. ಸ್ಕಿನ್ನರ್ 1938ರ ಪುಸ್ತಕದಲ್ಲಿ ಋಣಾತ್ಮಕ ಪುನರ್ಬಲನ ಎಂದದ್ದು ಇವತ್ತು ನಾವು ಶಿಕ್ಷೆ ಎನ್ನುವುದನ್ನೇ. 1953ರ ಹೊತ್ತಿಗೆ ಅರ್ಥ ಬದಲಾಗಿತ್ತು. ಪರೀಕ್ಷೆಗೆ ಈಗಿನ ಅರ್ಥವೇ ಲೆಕ್ಕ.

ಕಾಳಿ_ಸಂಗಮ ಉತ್ತರಿಸಿದ್ದು:

ಬೆಕ್ಕಿನದ್ದು ನಾನು ಹೇಳ್ತೇನೆ, ಕಾರವಾರದ ಕಡೆಯವರಿಗೆ ಇದು ದಿನಾ ಕಾಣುವ ಪ್ರಯೋಗ.

ಎರಡೂ ಹೌದು, ಆದರೆ ಬೇರೆ ಬೇರೆ ಭಾಗಕ್ಕೆ. ಬಾಯಿಗೆ ಬಿದ್ದ ಬಂಗಡೆ ಸಹಜ ಪ್ರಚೋದನೆ, ಅದಕ್ಕೆ ಜೊಲ್ಲು ಸಹಜ ಪ್ರತಿಕ್ರಿಯೆ. ಹಾರ್ನ್ ಮೊದಲು ತಟಸ್ಥ. ಮೀನಿನ ಮುಂಚೆ ಪದೇ ಪದೇ ಕೇಳಿಸಿ ಅನುಬಂಧಿತ ಪ್ರಚೋದನೆ ಆಗುತ್ತದೆ. ಹಾರ್ನ್‌ಗೇ ಜೊಲ್ಲು ಬಂದರೆ ಅಲ್ಲಿಗೆ ಪಾವ್ಲೊವ್. ಗೇಟಿಗೆ ಓಡುವುದಕ್ಕೆ ಮಾತ್ರ ಫಲ ಇದೆ: ಓಡಿದರೆ ಮೀನಿನ ತಲೆ ಸಿಗುತ್ತದೆ, ಒಳಗೆ ಮಲಗಿದ್ದರೆ ಇಲ್ಲ. ಅದು ಆಪರೆಂಟ್. ಅಲ್ಲಿ ಹಾರ್ನ್ ಬರೀ "ಈಗ ಓಡಿದರೆ ಫಲ ಉಂಟು" ಎಂಬ ಸೂಚನೆ. ಸಂಶಯ ಬಂದರೆ ಹೀಗೆ ಕೇಳಿಕೊಳ್ಳಿ: ಬೆಕ್ಕು ಏನೂ ಮಾಡದಿದ್ದರೂ ಮೀನು ಬರುತ್ತಿತ್ತೇ? ಹೌದಾದರೆ ಶಾಸ್ತ್ರೀಯ, ಬೆಕ್ಕು ಏನೋ ಮಾಡಿದರೆ ಮಾತ್ರ ಬರುವುದಾದರೆ ಆಪರೆಂಟ್.

ಇಲ್ಲಿ ಹೆಚ್ಚಿನವರು ಎಡವುವುದು ವಿಲೋಪದಲ್ಲಿ, ಅಂದರೆ ಕಲಿತ ಪ್ರತಿಕ್ರಿಯೆ ತಗ್ಗಿಹೋಗುವುದರಲ್ಲಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನಿನ ಗಾಡಿ ಬರುವುದೇ ನಿಂತಿತು ಅಂತಿಟ್ಟುಕೊಳ್ಳಿ. ಎರಡು ತಿಂಗಳು ಹಾರ್ನೂ ಇಲ್ಲ, ಮೀನೂ ಇಲ್ಲ. ಬೆಕ್ಕಿನ ಕಲಿಕೆ ಅಳಿಸಿಹೋಯಿತೇ? ಇಲ್ಲ ಮಾರಾಯ್ರೆ. ವಿಲೋಪ ಆಗಬೇಕಾದರೆ ಹಾರ್ನ್ ಕೇಳಿಸಬೇಕು, ಮೀನು ಬರಬಾರದು. ಬರೀ ಕಾಲ ಕಳೆದರೆ ಅದು ವಿಲೋಪ ಅಲ್ಲ. ಆಗಸ್ಟ್‌ನಲ್ಲಿ ಮೊದಲ ಹಾರ್ನ್‌ಗೇ ಬೆಕ್ಕು ಗೇಟಿನಲ್ಲಿರುತ್ತದೆ. ಅದೇ ಎರಡು ತಿಂಗಳು ಅಂಥದ್ದೇ ಹಾರ್ನ್ ಹಾಕಿಕೊಂಡು ತರಕಾರಿ ಗಾಡಿ ಬಂದಿದ್ದರೆ ಕಥೆ ಬೇರೆ. ಕ್ರಮೇಣ ಏಳುವುದು ಬಿಡುತ್ತದೆ. ಬಿಟ್ಟಮೇಲೂ ಸ್ವಲ್ಪ ಕಾಲದ ನಂತರ ಹಾರ್ನ್ ಕೇಳಿದರೆ ಒಂದಿಷ್ಟು ಪ್ರತಿಕ್ರಿಯೆ ತಾನಾಗಿ ಮರಳುತ್ತದೆ. ಹಾಗಾಗಿ ವಿಲೋಪ ಎಂದರೆ ಹಳೆಯದನ್ನು ಅಳಿಸುವುದು ಎಂದು ಬರೆಯಬೇಡಿ, ಹಳೆಯದರ ಮೇಲೆ ಹೊಸ ಕಲಿಕೆ ಕೂರುವುದು.

"ಎರಡನ್ನೂ ಒಟ್ಟಿಗೆ ಕೊಟ್ಟರೆ ಸಾಕು" ಎಂಬ ಗೈಡಿನ ವಾಕ್ಯವನ್ನೂ ನಂಬಬೇಡಿ. ಹಾರ್ನ್ ಮೀನಿಗಿಂತ ಮುಂಚೆ ಬರಬೇಕು, ಮೀನು ಬರುವುದನ್ನು ಅದು ತಿಳಿಸುವಂತಿರಬೇಕು. ಹೆದ್ದಾರಿ ಬದಿಯ ಮನೆಯಲ್ಲಿ ದಿನವಿಡೀ ಅಂಥದ್ದೇ ಹಾರ್ನ್ ಕೇಳುತ್ತಿದ್ದರೆ ಬೆಕ್ಕು ಅಷ್ಟು ಬೇಗ ಕಲಿಯುವುದಿಲ್ಲ. ಮೀನಿನ ಜೊತೆ ಹಾರ್ನ್ ಎಷ್ಟು ಸಲ ಬಂತು ಎಂಬುದಷ್ಟೇ ಅಲ್ಲ, ಮೀನಿಲ್ಲದೆ ಎಷ್ಟು ಸಲ ಬಂತು, ಹಾರ್ನ್ ಇಲ್ಲದೆ ಮೀನು ಎಷ್ಟು ಸಲ ಬಂತು ಎಂಬುದೂ ಮುಖ್ಯ. ಮನೋವಿಜ್ಞಾನಿ ರೆಸ್ಕೋರ್ಲಾ 1968ರಲ್ಲಿ ಇಲಿಗಳ ಮೇಲೆ ತೋರಿಸಿದ್ದು ಇದನ್ನೇ.

ಬಾಲವಾಡಿ_ಅಕ್ಕ ಉತ್ತರಿಸಿದ್ದು:

ಮೂರನೆಯದಕ್ಕೆ. ಗೈಡು ತಪ್ಪಲ್ಲ, ಅರ್ಧ ಹೇಳಿ ಬಿಟ್ಟಿದೆ.

ಹಟಕ್ಕೆ ಸಿಗುತ್ತಿದ್ದ ಫಲ ಥಟ್ಟನೆ ನಿಂತಾಗ ಹಟ ಮೊದಲು ಏರುವುದುಂಟು. ವಿಲೋಪದ ಆರಂಭದ ಸ್ಫೋಟ ಅದು. ಆ ಏರಿಕೆಯಲ್ಲಿ ದೊಡ್ಡವರು ಸೋತರೆ ಮೊದಲಿಗಿಂತ ಕೆಟ್ಟ ಸ್ಥಿತಿ. ಮಾರಿಕಾಂಬಾ ಜಾತ್ರೆಯ ಅಂಗಡಿಸಾಲಿನಲ್ಲಿ ಆಟಿಕೆಗಾಗಿ ಮಗು ಅಳುತ್ತದೆ. ಮೂರು ಅಂಗಡಿ ದಾಟುವ ತನಕ ಬಿಗಿಯಾಗಿದ್ದವರು, ಮಗು ನೆಲದಲ್ಲಿ ಹೊರಳಿದಾಗ ಕೊಡಿಸುತ್ತಾರೆ. ಮಗುವಿಗೆ ಬಂದ ಪಾಠ: ಸಣ್ಣಗೆ ಅತ್ತರೆ ಸಾಲದು, ಹೊರಳಬೇಕು. ಜೊತೆಗೆ, ಯಾವಾಗಲೋ ಒಮ್ಮೆ ಸಿಗುವ ಫಲದಿಂದ ಬೆಳೆದ ವರ್ತನೆ, ಪ್ರತಿಸಲ ಸಿಗುವ ಫಲದಿಂದ ಬೆಳೆದದ್ದಕ್ಕಿಂತ ಗಟ್ಟಿ, ಫಲ ನಿಂತರೂ ಬೇಗ ಬಿಡುವುದಿಲ್ಲ. ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪುನರ್ಬಲನದ ವೇಳಾಪಟ್ಟಿಗಳ (ಫಲ ಯಾವಾಗ, ಎಷ್ಟು ಸಲಕ್ಕೊಮ್ಮೆ ಸಿಗುತ್ತದೆ ಎಂಬ ಕ್ರಮ) ಬಗ್ಗೆ ಬರೆದದ್ದನ್ನು ಓದುವಾಗ ಇದನ್ನು ನೆನಪಿಡಿ.

ಹಾಗಾಗಿ ಕೊನೆಯವರೆಗೆ ನಿಲ್ಲಲು ಆಗದ ಜಾಗದಲ್ಲಿ ಶುರು ಮಾಡಲೇಬೇಡಿ. ಮನೆಯಲ್ಲಿರುವ ಎಲ್ಲರೂ ಒಪ್ಪಿರಬೇಕು. ಅಪ್ಪ-ಆಯಿ ಗಟ್ಟಿ ನಿಂತು ಅಜ್ಜಿ ಬೆಲ್ಲ ಕೊಟ್ಟರೆ ಅದೇ ಪುನರ್ಬಲನ. ಹಟದ ಬದಲು ಏನು ಮಾಡಬೇಕು ಎಂಬುದನ್ನೂ ಕಲಿಸಿ: "ಅದು ಬೇಕು" ಎಂದು ಸಾವಕಾಶ ಕೇಳಿದ ಕೂಡಲೇ ಗಮನ ಕೊಡಿ, ಕೊಡಿಸುವಂಥದ್ದಾದರೆ ಆಗಲೇ ಕೊಡಿಸಿ. ಹಸಿವು, ನಿದ್ದೆ, ನೋವಿಗೆ ಅಳುವ ಮಗುವಿಗೆ ಇದು ಅನ್ವಯಿಸುವುದಿಲ್ಲ. ತಲೆ ಗೋಡೆಗೆ ಬಡಿದುಕೊಳ್ಳುವಂಥ ವರ್ತನೆಯನ್ನೂ ಹೀಗೆ ಬಿಟ್ಟು ನೋಡುವಂತಿಲ್ಲ, ತಜ್ಞರ ಹತ್ತಿರ ಹೋಗಬೇಕು.

ಶಿರಸಿ_ಟಿಇಟಿ:

ಎಲ್ಲರಿಗೂ ಧನ್ಯವಾದ. ಹಾಗಾದರೆ ಇವನ್ನು ನೋಡಿ ಹೇಳಿ: (ಅ) ತೋಟದಲ್ಲಿ ಮಂಗ ಓಡಿಸಲು ದಿನಾ ಪಟಾಕಿ ಹೊಡೆದರೆ ಕೆಲವು ದಿನಕ್ಕೆ ಅವು ತಿರುಗಿಯೂ ನೋಡುವುದಿಲ್ಲ: ವಿಲೋಪ. (ಆ) ಗಲಾಟೆ ಮಾಡಿದವನ ಆಟದ ಪೀರಿಯಡ್ ಕಿತ್ತುಕೊಂಡರು, ಗಲಾಟೆ ಕಡಿಮೆಯಾಯಿತು: ಋಣಾತ್ಮಕ ಶಿಕ್ಷೆ. (ಇ) ಸೆಖೆಗೆ ಫ್ಯಾನ್ ಹಾಕುವುದು: ಋಣಾತ್ಮಕ ಪುನರ್ಬಲನ.

ತೋಟದ_ಬದಿ:

(ಆ) ಸರಿ. ಗಲಾಟೆ ಕಡಿಮೆಯಾಯಿತು ಎಂದು ಸೇರಿಸಿದ್ದೀರಿ, ಅದಿಲ್ಲದೆ ಉತ್ತರ ಹೇಳಲು ಬರುತ್ತಿರಲಿಲ್ಲ.

(ಅ) ತಪ್ಪು. ದೊಡ್ಡ ಸದ್ದಿಗೆ ಬೆಚ್ಚುವುದನ್ನು ಮಂಗಕ್ಕೆ ಯಾರೂ ಕಲಿಸಿಲ್ಲ. ಕಲಿಯದೇ ಇದ್ದ ಪ್ರತಿಕ್ರಿಯೆ ಅದೇ ಪ್ರಚೋದನೆ ಮರುಕಳಿಸಿದಂತೆ ತಗ್ಗಿದರೆ ಅದು ಒಗ್ಗಿಕೊಳ್ಳುವಿಕೆ, ಹ್ಯಾಬಿಚುಯೇಷನ್. ಕಲಿತ ಪ್ರತಿಕ್ರಿಯೆ ತಗ್ಗಿದರೆ ವಿಲೋಪ. ಸದ್ದಿನ ಬಗೆ, ಹೊತ್ತು, ದಿಕ್ಕು ಬದಲಿಸುತ್ತಿದ್ದರೆ ಒಗ್ಗುವುದು ನಿಧಾನ.

(ಇ) ಪರೀಕ್ಷೆಗೆ ನಿಮ್ಮ ಉತ್ತರ ನಡೆಯುತ್ತದೆ. ಆದರೆ ಸೆಖೆ ಹೋಯಿತೋ, ಗಾಳಿ ಬಂತೋ? ಎರಡೂ ಒಂದೇ ಬದಲಾವಣೆಯ ಎರಡು ತುದಿ. ಇಂಥ ಕಡೆ ಧನ-ಋಣ ವಿಂಗಡಣೆಯೇ ಬೇಡ ಎಂದು ಮನೋವಿಜ್ಞಾನಿ ಜಾಕ್ ಮೈಕಲ್ 1975ರಲ್ಲೇ ವಾದಿಸಿದ್ದರು. ಮೇ ತಿಂಗಳ ಕಾರವಾರದಲ್ಲಿ ಕೂತು ಫ್ಯಾನ್ ಹಾಕಿದವರಿಗೆ ಯಾವ ತುದಿ ಮುಖ್ಯ ಅಂತ ಕಾಳಿ_ಸಂಗಮದವರೇ ಹೇಳಲಿ.

ಕಾಳಿ_ಸಂಗಮ:

ಮೊದಲು ಕರೆಂಟ್ ಇರಬೇಕಲ್ಲ. ಕರೆಂಟ್ ಹೋದಮೇಲೂ ಸ್ವಿಚ್ಚನ್ನು ಟಕಟಕ ಒತ್ತುತ್ತಾರೆ ನೋಡಿ, ಬಾಲವಾಡಿ ಅಕ್ಕ ಹೇಳಿದ ಸ್ಫೋಟ ಅದೇ. (ಈ) ಅಂತ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ.