ನಡುಗಡಲಲ್ಲಿ ಯಾರ ಕಾನೂನು ನಡೆಯುತ್ತದೆ?

ಪ್ರಶ್ನೆ: ಕ್ಯಾಪ್ಟನ್ ಸರ್, ನಮಸ್ಕಾರ. ಮಂಗಳೂರಿನಿಂದ ಬರೆಯುತ್ತಿದ್ದೇನೆ. ಮಗನಿಗೆ ಸರಕು ಹಡಗಿನಲ್ಲಿ ಡೆಕ್ ಕೆಡೆಟ್ (ತರಬೇತಿ ಅಧಿಕಾರಿ) ಕೆಲಸ ಸಿಕ್ಕಿದೆ. ಮಾಲೀಕರು ಗ್ರೀಸ್‌ನವರು, ಧ್ವಜ ಲೈಬೀರಿಯಾದ್ದು. ನಡುಗಡಲಲ್ಲಿ ಕಾನೂನೇ ಇಲ್ಲ ಅಂತಾರೆ. ಸಂಬಳ ಕೊಡದಿದ್ದರೆ, ಯಾರಾದರೂ ಹೊಡೆದರೆ ಯಾರನ್ನು ಕೇಳಬೇಕು?

ಉತ್ತರ: ನಮಸ್ಕಾರ ಅಮ್ಮ. ಕಾನೂನೇ ಇಲ್ಲ ಅನ್ನುವುದು ಸುಳ್ಳು. ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ.ವರೆಗೆ ಆಯಾ ದೇಶದ್ದೇ ನೀರು. 200 ಮೈಲು ದಾಟಿದರೆ ನೀರು ಯಾರದ್ದೂ ಅಲ್ಲ. ಆದರೆ ಹಡಗಿಗೆ ಒಂದು ದೇಶ ಇದ್ದೇ ಇರುತ್ತದೆ. 1982ರ ವಿಶ್ವಸಂಸ್ಥೆಯ ಕಡಲ ಒಪ್ಪಂದದಂತೆ ಹಡಗಿನೊಳಗೆ ನಡೆಯುವುದು ಧ್ವಜದ ದೇಶದ, ಅಂದರೆ ಹಡಗು ನೋಂದಣಿಯಾದ ದೇಶದ ಕಾನೂನು.

ಮಗನ ಹಡಗಿನ ಹಿಂಬದಿಯಲ್ಲಿ, ಹೆಸರಿನ ಕೆಳಗೆ, ದೊಡ್ಡ ಅಕ್ಷರದಲ್ಲಿ ಲೈಬೀರಿಯಾದ ರಾಜಧಾನಿ ಮನ್ರೋವಿಯಾದ ಹೆಸರು ಬರೆದಿರುತ್ತದೆ. ಅದು ಆ ಊರಿಗೆ ಒಮ್ಮೆಯೂ ಹೋಗಿರಲಿಕ್ಕಿಲ್ಲ! ಖರ್ಚು, ತೆರಿಗೆ ಕಡಿಮೆ ಅಂತ ಮಾಲೀಕರು ಲೈಬೀರಿಯಾ, ಪನಾಮಾಗಳಲ್ಲಿ ನೋಂದಾಯಿಸುತ್ತಾರೆ. ಅಷ್ಟಕ್ಕೇ ಗಾಬರಿ ಬೇಡ. ಕಡಲ ಕಾರ್ಮಿಕರ 2006ರ ಒಪ್ಪಂದವನ್ನು ಮೊದಲು ಒಪ್ಪಿದ ದೇಶವೇ ಲೈಬೀರಿಯಾ. ಭಾರತ 2015ರಲ್ಲಿ ಒಪ್ಪಿತು.

ಅದರಂತೆ ಮಗ ನೇರವಾಗಿ ಕ್ಯಾಪ್ಟನ್‌ಗೇ ದೂರು ಕೊಡಬಹುದು. ಅಲ್ಲಿ ಆಗಲಿಲ್ಲವಾ, ಲೈಬೀರಿಯಾದ ನೋಂದಣಿ ಕಚೇರಿಗೆ, ಇಲ್ಲವೇ ಮುಂದಿನ ಬಂದರಿನಲ್ಲಿ ತಪಾಸಣೆಗೆ ಬರುವ ಅಧಿಕಾರಿಗೆ. ತಪ್ಪು ಗಂಭೀರವಾಗಿದ್ದರೆ ಹಡಗನ್ನೇ ತಡೆದು ನಿಲ್ಲಿಸುವ ಅಧಿಕಾರ ಅವರಿಗಿದೆ.

ನಿಜವಾಗಿ ಹುಡುಗರು ಮೋಸ ಹೋಗುವುದು ಏಜೆಂಟರ ಕೈಯಲ್ಲೇ ಜಾಸ್ತಿ. ಏಜೆಂಟ್‌ಗೆ ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್, ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಲೈಸೆನ್ಸ್ ಇದೆಯಾ ನೋಡಿ. ಸಹಿಯಾದ ಕರಾರಿನ ಪ್ರತಿ ಮನೆಯಲ್ಲಿರಲಿ. ಹಡಗಿನ ಗುರುತಿನ ಸಂಖ್ಯೆ, ಏಳು ಅಂಕಿಯ ಐಎಂಒ ನಂಬರ್ ಬರೆದಿಟ್ಟುಕೊಳ್ಳಿ. ಹೆಸರು, ಧ್ವಜ ಬದಲಾದರೂ ಆ ನಂಬರ್ ಬದಲಾಗುವುದಿಲ್ಲ.

ಪ್ರಶ್ನೆ: ಸರ್, ನಾವು ಮಲ್ಪೆಯವರು. ನಮ್ಮ ಬೋಟು 12 ಮೈಲು ದಾಟಿ ಹೋಗುತ್ತದೆ. ಅಲ್ಲಿ ವಿದೇಶಿ ಹಡಗು ಗುದ್ದಿದರೆ?

ಉತ್ತರ: 200 ಮೈಲಿನವರೆಗೆ ಮೀನಿನ ಹಕ್ಕು ಭಾರತದ್ದು. ಆದರೆ ಹಾದುಹೋಗಲು ಎಲ್ಲ ದೇಶದ ಹಡಗಿಗೂ ಸ್ವಾತಂತ್ರ್ಯವಿದೆ. ಗುದ್ದಿದ ಅಧಿಕಾರಿಯ ಮೇಲೆ ಕ್ರಿಮಿನಲ್ ಕೇಸು ನಡೆಸುವ ಹಕ್ಕು ಧ್ವಜದ ದೇಶಕ್ಕೆ ಅಥವಾ ಅವನ ಸ್ವಂತ ದೇಶಕ್ಕೆ ಮಾತ್ರ. ಇದು ನಮ್ಮವರಿಗೆ ಅನ್ಯಾಯ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಪರಿಹಾರದ ದಾರಿ ಮಾತ್ರ ಇಲ್ಲೇ ಇದೆ. ಆ ಹಡಗು ನಮ್ಮ ಬಂದರಿಗೆ ಬಂದರೆ 2017ರ ಅಡ್ಮಿರಾಲ್ಟಿ (ಹಡಗು ವ್ಯಾಜ್ಯಗಳ) ಕಾಯ್ದೆಯಡಿ ಹೈಕೋರ್ಟ್ ಅದನ್ನು ಹಿಡಿದಿಡಬಹುದು. ಅದಕ್ಕೆ ಹಡಗು ಯಾವುದೆಂದು ಗೊತ್ತಿರಬೇಕಲ್ವಾ? ಗುದ್ದಿದ ಹೊತ್ತು, ಜಿಪಿಎಸ್ ಸ್ಥಾನ, ಕಂಡಷ್ಟು ಹೆಸರು ಬರೆದುಕೊಳ್ಳಿ. ಬೋಟಿನ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಕೂಡಲೇ ಕೋಸ್ಟ್ ಗಾರ್ಡ್‌ಗೆ ತಿಳಿಸಿ. ಫೋನ್ ಸಿಗುವ ಕಡೆ ಅವರ ಸಹಾಯವಾಣಿ 1554ಕ್ಕೆ ಕರೆ ಮಾಡಿ.